ದೂತನಿಗೊಂದು ಮನೆ

ನಾನು ಹುಟ್ಟಿ ಬೆಳೆದ ಊರಿನಲ್ಲಿ ಓದು ಬರಹ ಬಲ್ಲವರು ಕಡಮೆ. ಮುಂಬಯಿಗೋ ಪುಣೆಗೋ ಹೊಟ್ಟೆಪಾಡಿಗೆ ಹೋದ ಮಗನಿಂದ ಕಾಗದ ಬಂದರೆ, ತಾಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಯ ಮೇಷ್ಟರ ಮನೆಗೆ ಹೋಗುತ್ತಿದ್ದಳು. ಮೇಷ್ಟರು ಕನ್ನಡಕ ಏರಿಸಿ ಓದಿ ಹೇಳುತ್ತಿದ್ದರು. ಅವಳು ಹೇಳಿದ್ದನ್ನು ಕೇಳಿಕೊಂಡು ಮರುಟಪಾಲಿಗೆ ಉತ್ತರವನ್ನೂ ಬರೆದುಕೊಡುತ್ತಿದ್ದರು. ಯಾರ ಮನೆಗೆ ಸಾಲಗಾರರು ಬರುತ್ತಿದ್ದಾರೆ, ಯಾರ ಸೊಸೆ ತವರಿನಿಂದ ಹಿಂತಿರುಗಿಲ್ಲ, ಯಾರ ಮಗ ಇನ್ನು ಊರಿಗೆ ಬರುವುದಿಲ್ಲವೆಂದು ಬರೆದಿದ್ದಾನೆ, ಹೀಗೆ ಅರ್ಧ ಊರಿನ ಗುಟ್ಟು ಆ ಮನುಷ್ಯನ ತಲೆಯಲ್ಲಿತ್ತು. ಅವರು ತೀರಿಕೊಂಡಾಗ ಅದೂ ಅವರೊಡನೆಯೇ ಹೋಯಿತು. ಊರಿನವರು ಅವರಿಂದ ಬಯಸಿದ್ದಾದರೂ ಏನು? ಹೋದಾಗ ಮನೆಯಲ್ಲಿರಬೇಕು; ಇದ್ದದ್ದನ್ನು ಇದ್ದ ಹಾಗೆ ಓದಬೇಕು; ಓದಿದ ಮೇಲೆ ಮರೆತುಬಿಡಬೇಕು. ಮೊದಲಿನ ಎರಡು ಗುಣಗಳಿರುವವರು ಎಲ್ಲ ಊರುಗಳಲ್ಲೂ ಸಿಕ್ಕಾರು. ಮೂರನೆಯದು ಅಪರೂಪ.

ಅಂತರಜಾಲದಲ್ಲಿ ಈ ಮೇಷ್ಟರ ಕೆಲಸವನ್ನು ಮಾಡುವ ತಾಣಗಳಿವೆ. ಅವಕ್ಕೆ ಪ್ರಾಕ್ಸಿ ತಾಣಗಳೆಂದು ಹೆಸರು. ಪ್ರಾಕ್ಸಿ ಎಂಬ ಮಾತು ನಮ್ಮ ಕಾಲೇಜುಗಳಿಗೆ ಹೊಸದೇನೂ ಅಲ್ಲ. ಗೆಳೆಯ ತರಗತಿಗೆ ಚಕ್ಕರ್ ಹೊಡೆದ ದಿನ, ಅವನ ಹೆಸರು ಕರೆದಾಗ ಹಿಂದಿನ ಬೆಂಚಿನಿಂದ ‘ಪ್ರೆಸೆಂಟ್ ಸಾರ್’ ಎನ್ನುವ ಉಪಕಾರಕ್ಕೆ ಹುಡುಗರು ಇಟ್ಟ ಹೆಸರು ಅದೇ. ಒಬ್ಬನ ಪರವಾಗಿ ಇನ್ನೊಬ್ಬನು ನಿಲ್ಲುವುದು ಎಂದು ಅದರ ತಾತ್ಪರ್ಯ. ಅಂತರಜಾಲದಲ್ಲಿಯೂ ಅರ್ಥ ಇಷ್ಟೇ. ನೀವು ಒಂದು ತಾಣವನ್ನು ನೇರವಾಗಿ ತೆರೆದರೆ ನಿಮ್ಮ ಸಂಪರ್ಕದ ಅಂಕಿ ವಿಳಾಸ, ಅಂದರೆ ಐಪಿ ವಿಳಾಸ, ಆ ತಾಣಕ್ಕೆ ತಿಳಿಯುತ್ತದೆ. ನೀವು ಯಾವ ತಾಣದ ಬಾಗಿಲು ತಟ್ಟಿದಿರಿ ಎಂಬುದು ನಿಮಗೆ ಸಂಪರ್ಕ ಕೊಟ್ಟ ಸಂಸ್ಥೆಗೆ ತಿಳಿಯುತ್ತದೆ. ಪ್ರಾಕ್ಸಿಯ ಮೂಲಕ ಹೋದಾಗ ಹಾಗಲ್ಲ. ನೀವು ಬೇಡಿಕೆಯನ್ನು ಪ್ರಾಕ್ಸಿಗೆ ಒಪ್ಪಿಸುತ್ತೀರಿ. ಅದು ತಾನು ಹೋಗಿ ಪುಟವನ್ನು ತಂದು, ಪುಟದೊಳಗಿನ ಕೊಂಡಿಗಳನ್ನೆಲ್ಲ ತನ್ನ ಕಡೆಗೆ ತಿರುಗಿಸಿ ಬರೆದು, ನಿಮ್ಮ ಕೈಗೆ ಕೊಡುತ್ತದೆ. ಆ ಕಡೆಯವರಿಗೆ ಕಾಣುವುದು ಪ್ರಾಕ್ಸಿಯ ವಿಳಾಸ. ಈ ಕಡೆಯ ಸಂಪರ್ಕ ಸಂಸ್ಥೆಗೆ ಕಾಣುವುದು ನೀವು ಪ್ರಾಕ್ಸಿಯೊಡನೆ ಮಾತಾಡುತ್ತಿದ್ದೀರಿ ಎಂಬುದಷ್ಟೆ.

ಇದರ ಅಗತ್ಯ ಯಾರಿಗೆ ಎಂದು ಕೇಳಬಹುದು. ಕಳ್ಳರಿಗೆ ಎಂದು ಥಟ್ಟನೆ ಉತ್ತರ ಹೇಳುವವರಿದ್ದಾರೆ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಟರ್ಕಿ ದೇಶದಲ್ಲಿ 2017ರ ಏಪ್ರಿಲ್ 29ರಿಂದ 2020ರ ಜನವರಿ 15ರವರೆಗೆ ವಿಕಿಪೀಡಿಯಾ ವಿಶ್ವಕೋಶವನ್ನು ಸರ್ಕಾರ ಮುಚ್ಚಿಸಿತ್ತು. ಆ ದೇಶದ ಸಂವಿಧಾನ ನ್ಯಾಯಾಲಯ ಅದು ತಪ್ಪೆಂದ ಮೇಲೆಯೇ ಬಾಗಿಲು ತೆರೆದದ್ದು. ಈ ಎರಡೂ ಮುಕ್ಕಾಲು ವರ್ಷ ಅಲ್ಲಿನ ಒಬ್ಬ ವಿದ್ಯಾರ್ಥಿ ಬೀಜಗಣಿತದ ಒಂದು ಪುಟ ಓದಬೇಕೆಂದರೂ ಇಂಥ ಅಡ್ಡದಾರಿಯನ್ನೇ ಹಿಡಿಯಬೇಕಾಗಿತ್ತು. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳೂ ಪ್ರಾಕ್ಸಿಯನ್ನು ಇಟ್ಟುಕೊಂಡಿವೆ. ಚಂದಾ ಕಟ್ಟಿ ತರಿಸುವ ವಿದ್ವತ್ಪತ್ರಿಕೆಗಳನ್ನು ಅಧ್ಯಾಪಕರು ಮನೆಯಿಂದಲೂ ಓದಲೆಂದು 1999ರಲ್ಲಿ ಸಿದ್ಧವಾದ ಈಜಿಪ್ರಾಕ್ಸಿ ಎಂಬ ತಂತ್ರಾಂಶ ಇಂದಿಗೂ ಅನೇಕ ಗ್ರಂಥಾಲಯಗಳಲ್ಲಿ ದುಡಿಯುತ್ತಿದೆ. ಅಲ್ಲಿ ಪ್ರಾಕ್ಸಿ ತಪ್ಪಿಸಿಕೊಳ್ಳುವ ಸಾಧನವಲ್ಲ, ಒಳಗೆ ಬರಲು ಕೊಟ್ಟ ರಹದಾರಿ.

ಈ ವಿಷಯಕ್ಕೆ ನಾನು ತಲೆ ಹಾಕಿದ್ದು ಸಂಶೋಧನೆಯ ಹುಚ್ಚಿನಿಂದೇನೂ ಅಲ್ಲ. ನನ್ನ ತಂಗಿಯ ಮಗಳು ವೈದ್ಯ ವ್ಯಾಸಂಗಕ್ಕೆಂದು ಚೀನಾ ದೇಶಕ್ಕೆ ಹೋದಳು. 2019ರ ಏಪ್ರಿಲ್ ತಿಂಗಳಿಂದ ಆ ದೇಶದಲ್ಲಿ ವಿಕಿಪೀಡಿಯಾದ ಎಲ್ಲ ಭಾಷೆಗಳ ಆವೃತ್ತಿಗಳನ್ನೂ ತಡೆಹಿಡಿದಿದ್ದಾರೆ. ಎಲ್ಲ ಎಂದರೆ ಕನ್ನಡದ್ದೂ ಸೇರಿತು. “ಮಾವ, ಇಲ್ಲಿ ಕನ್ನಡದ ಅಕ್ಷರ ನೋಡುವುದಕ್ಕೂ ಗೋಡೆ ಹಾರಬೇಕು” ಎಂದು ಬರೆದಳು. ನನಗೆ ಕರುಳು ಚುರುಕ್ಕೆಂದಿತು. ಕಂಪ್ಯೂಟರು ಬಲ್ಲ ಕಿರಿಯ ಮಿತ್ರರೊಬ್ಬರ ನೆರವಿನಿಂದ ಒಂದು ಪುಟ್ಟ ಪ್ರಾಕ್ಸಿ ತಾಣ ಮಾಡಿಕೊಟ್ಟೆ. ಅದನ್ನು ಇರಿಸುವುದಕ್ಕೆ ಒಂದು ಜಾಗ ಬೇಕಲ್ಲ. ಎಲ್ಲಿ ಬಾಡಿಗೆ ಅಗ್ಗವೋ ಅಲ್ಲಿ ಹಿಡಿದೆ. ಒಂದೂವರೆ ತಿಂಗಳು ನೀರು ಹರಿದಂತೆ ನಡೆಯಿತು. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ತಾಣವಿಲ್ಲ. ನಿಯಮ ಮೀರಿದ್ದರಿಂದ ಖಾತೆಯನ್ನು ಸ್ಥಗಿತಗೊಳಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಇತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಅವರದಲ್ಲ. ಅವರ ನಿಯಮಾವಳಿಯಲ್ಲಿ ಪ್ರಾಕ್ಸಿ ಕೂಡದು ಎಂದು ಸ್ಪಷ್ಟವಾಗಿಯೇ ಬರೆದಿತ್ತು. ನಾನು ಓದಿರಲಿಲ್ಲ.

ನನಗೆ ದಿಗಿಲಾದದ್ದು ತಾಣ ಹೋದದ್ದಕ್ಕಲ್ಲ. ಯಾವುದೇ ತಾಣದ ಯಂತ್ರ ತನಗೆ ಬಂದ ಪ್ರತಿಯೊಂದು ಬೇಡಿಕೆಯನ್ನೂ ಒಂದು ಕಡತದಲ್ಲಿ ಬರೆದಿಡುತ್ತ ಹೋಗುತ್ತದೆ: ಯಾವ ವಿಳಾಸದಿಂದ ಬಂತು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಪುಟಕ್ಕಾಗಿ. ಬೇಡವೆಂದು ಹೇಳದಿದ್ದರೆ ಅದು ಬರೆಯುತ್ತಲೇ ಇರುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ನಮ್ಮ ಕಚೇರಿಗಳ ಆವಕ ಜಾವಕ ಪುಸ್ತಕವಿದ್ದಂತೆ. ಆ ಹುಡುಗಿ ಒಂದೂವರೆ ತಿಂಗಳು ಓದಿದ್ದೆಲ್ಲ ಆ ಪುಸ್ತಕದಲ್ಲಿತ್ತು. ಖಾತೆ ಮುಚ್ಚಿದ್ದರಿಂದ ಒಳಗೆ ಹೋಗಿ ಅದನ್ನು ಅಳಿಸಲು ನನಗೆ ದಾರಿಯಿರಲಿಲ್ಲ. ಅದು ಯಾರ ಕೈಯಲ್ಲಿದೆ, ಎಷ್ಟು ದಿನ ಇರುತ್ತದೆ, ಯಾರು ಕೇಳಿದರೆ ಕೊಡುತ್ತಾರೆ, ಒಂದೂ ಗೊತ್ತಿಲ್ಲ. ಅವಳು ಇರುವುದೋ ಇಂಥ ದಾರಿಗಳನ್ನು ಕಾನೂನೇ ಒಪ್ಪದ ನಾಡಿನಲ್ಲಿ. ಮರುವರ್ಷ ಜನವರಿಯಲ್ಲಿ ಅವಳು ಊರಿಗೆ ಹಿಂತಿರುಗಿದಾಗ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಏನೇನು ಓದಿದೆನೋ ನನಗೇ ನೆನಪಿಲ್ಲ ಮಾವ. ಯಾರಿಗೋ ನೆನಪಿದೆ ಅನ್ನಿ” ಎಂದಳು. ಅವಳಿಗೆ ತೊಂದರೆಯೇನೂ ಆಗಲಿಲ್ಲ. ಆದರೆ ಅದು ನನ್ನ ಜಾಣತನದಿಂದ ಅಲ್ಲ.

ತಾಣವನ್ನು ಇರಿಸಿಕೊಳ್ಳಲು ಹಗಲಿರುಳೂ ಎಚ್ಚರವಿರುವ ಒಂದು ಯಂತ್ರ ಬೇಕು. ಅಂಥ ಯಂತ್ರವನ್ನೋ ಅದರ ಒಂದು ಭಾಗವನ್ನೋ ಬಾಡಿಗೆಗೆ ಕೊಡುವ ಕಸುಬಿಗೆ ಹೋಸ್ಟಿಂಗ್ ಎನ್ನುತ್ತಾರೆ. ಪ್ರಾಕ್ಸಿಗೆ ಯಾವ ಹೋಸ್ಟಿಂಗ್ ನಂಬಿಕೆಗೆ ಅರ್ಹ ಎಂದು ವಿಚಾರಿಸಿದರೆ ಬಲ್ಲವರು ಸಾಮಾನ್ಯವಾಗಿ ಹೇಳುವುದು ಯಂತ್ರದ ಗಟ್ಟಿತನವನ್ನು. ನೂರಕ್ಕೆ 99.9ರಷ್ಟು ಕಾಲ ಯಂತ್ರ ನಡೆಯುತ್ತದೆ ಎಂದು ಸಂಸ್ಥೆಗಳು ಭರವಸೆ ಕೊಡುತ್ತವೆ. ಕೇಳಲು ದೊಡ್ಡದು. ಲೆಕ್ಕ ಹಾಕಿದರೆ ಮೂವತ್ತು ದಿನದ ತಿಂಗಳಲ್ಲಿ 43 ನಿಮಿಷ, ವರ್ಷದಲ್ಲಿ ಎಂಟು ಮುಕ್ಕಾಲು ಗಂಟೆ ನಿಂತುಹೋದರೂ ಮಾತಿಗೆ ತಪ್ಪಿದಂತಾಗಲಿಲ್ಲ. ಬರಿಯ 99 ಎಂದರೆ ತಿಂಗಳಿಗೆ ಏಳು ಗಂಟೆಗೂ ಮೇಲೆ. ಭರವಸೆ ತಪ್ಪಿದರೆ ಕೊಡುವುದು ಬಹುಮಟ್ಟಿಗೆ ಬಾಡಿಗೆಯಲ್ಲಿ ಒಂದಿಷ್ಟು ಮುಜರೆ. ನಮ್ಮ ಊರುಗಳಲ್ಲಿ ವಿದ್ಯುತ್ತನ್ನು ಕಂಡವರಿಗೆ 43 ನಿಮಿಷ ಒಂದು ಸಂಗತಿಯೇ ಅಲ್ಲ. ಹಾಗಾಗಿ ಇದನ್ನು ಇಲ್ಲಿಗೇ ಬಿಡುತ್ತೇನೆ.

ಹೊರೆಯ ಲೆಕ್ಕ ಮಾತ್ರ ಪ್ರಾಕ್ಸಿಗೆ ವಿಶೇಷವಾದದ್ದು. ಬೇರೆ ತಾಣ ತನ್ನಲ್ಲಿರುವುದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಪ್ರಾಕ್ಸಿ ಪ್ರತಿ ಪುಟವನ್ನೂ ಮೊದಲು ಹೊತ್ತು ತರಬೇಕು, ಆಮೇಲೆ ಹೊತ್ತು ಒಪ್ಪಿಸಬೇಕು. ಐದು ನೂರು ಜನ ದಿನಕ್ಕೆ ನಲವತ್ತು ಪುಟಗಳಂತೆ ನೋಡಿದರೆಂದೂ ಪುಟವೊಂದಕ್ಕೆ ಎರಡು ಎಂಬಿ ಭಾರವೆಂದೂ ಇಟ್ಟುಕೊಳ್ಳಿ. ತರುವುದು 40 ಜಿಬಿ, ಒಪ್ಪಿಸುವುದು 40 ಜಿಬಿ. ತಿಂಗಳಿಗೆ 2,400 ಜಿಬಿ ಆಯಿತು. ಯಾರಾದರೂ ಚಲನಚಿತ್ರ ನೋಡಲು ತೊಡಗಿದರೆ ಈ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ. ಅದಕ್ಕೇನು, ನಮ್ಮಲ್ಲಿ ಎಲ್ಲವೂ ಅನ್‌ಲಿಮಿಟೆಡ್ ಎನ್ನುವ ಸಂಸ್ಥೆಗಳುಂಟು. ಹೋಟೆಲಿನ ಫಲಕದಲ್ಲಿಯೂ ಫುಲ್ ಮೀಲ್ಸ್ ಎಂದು ಬರೆದಿರುತ್ತದೆ. ಉಣ್ಣುವವನು ಒಬ್ಬ ಮನುಷ್ಯ, ಅವನ ಹೊಟ್ಟೆ ಒಂದು, ಎಂಬ ನಂಬಿಕೆಯ ಮೇಲೆ ಮಾಲೀಕ ಹಾಗೆ ಬರೆಸಿದ್ದಾನೆ. ಬುಟ್ಟಿ ಹಿಡಿದುಕೊಂಡು ಹೋಗಿ ಕೂತರೆ ಅವನು ಎಬ್ಬಿಸಿ ಕಳಿಸುವುದು ಖಂಡಿತ. ನಿಯಮಾವಳಿಯ ಒಳಪುಟಗಳಲ್ಲಿ ‘ನ್ಯಾಯವಾದ ಬಳಕೆ’ ಎಂಬ ಒಂದು ಕಲಮು ಇರುತ್ತದೆ; ಬುಟ್ಟಿಯ ಮಾತು ಅಲ್ಲಿದೆ.

ಬಾಡಿಗೆ ಮನೆಯಲ್ಲಿ ವಠಾರ, ಪ್ರತ್ಯೇಕ ಮನೆ ಎಂಬ ಭೇದ ಇದ್ದಂತೆ ಇಲ್ಲಿಯೂ ಇದೆ. ಹಂಚಿಕೆಯ ಹೋಸ್ಟಿಂಗ್ ಎಂಬುದು ವಠಾರ. ಒಂದೇ ಯಂತ್ರದಲ್ಲಿ ನೂರಾರು ತಾಣಗಳು, ನಲ್ಲಿ ಒಂದೇ, ಅನೇಕ ಸಲ ಹೊರಗಿನ ವಿಳಾಸವೂ ಒಂದೇ. ಒಂದು ತಾಣ ಪ್ರಾಕ್ಸಿಯಾಗಿ ನಿಂತರೆ ನೀರೆಲ್ಲ ಅದಕ್ಕೇ ಹೋಗುತ್ತದೆ; ಜೊತೆಗೆ ಅದರ ಮೇಲೆ ಬಂದ ಕೆಟ್ಟ ಹೆಸರು ವಠಾರಕ್ಕೆಲ್ಲ ತಗಲುತ್ತದೆ. ಆದ್ದರಿಂದ ಇಂಥ ಕಡೆ ಪ್ರಾಕ್ಸಿಯನ್ನು ಬಹಳ ಮಂದಿ ಒಪ್ಪುವುದಿಲ್ಲ. ಇನ್ನೊಂದು ಬಗೆ, ವಿಪಿಎಸ್ ಎಂಬುದು. ದೊಡ್ಡ ಯಂತ್ರವೊಂದರೊಳಗೆ ನಿಮ್ಮದೇ ಎಂದು ಬಿಟ್ಟುಕೊಟ್ಟ ಒಂದು ಭಾಗ, ನಿಮ್ಮದೇ ಬೀಗ, ನಿಮ್ಮದೇ ವಿಳಾಸ. ತಿಂಗಳಿಗೆ ನಾಲ್ಕೈದು ನೂರು ರೂಪಾಯಿಯೊಳಗೆ ಸಣ್ಣದೊಂದು ಸಿಕ್ಕುತ್ತದೆ. ಪ್ರಾಕ್ಸಿ ಇಡುವವರು ಇಲ್ಲಿಂದ ಕೆಳಗೆ ಇಳಿಯಬಾರದು. ಆದರೆ ಬೀಗ ನಿಮ್ಮದಾದರೂ ಗೋಡೆ ಮಾಲೀಕರದು ಎಂಬುದನ್ನು ಮರೆಯುವಂತಿಲ್ಲ. ಯಂತ್ರ ನಡೆಯುತ್ತಿರುವಾಗಲೇ ಅದರ ಒಳಗಿರುವುದನ್ನೆಲ್ಲ ಅಚ್ಚೊತ್ತಿದಂತೆ ಪ್ರತಿ ತೆಗೆದುಕೊಳ್ಳಲು ಅವರಿಗೆ ಸಾಧ್ಯ.

ಕೆಟ್ಟ ಹೆಸರಿನ ಮಾತು ಬಂತಲ್ಲ, ಅದನ್ನು ಇನ್ನಷ್ಟು ಬಿಡಿಸಬೇಕು. ಪ್ರಾಕ್ಸಿಯ ಬಾಗಿಲನ್ನು ಹಾದಿ ಬೀದಿಗೆಲ್ಲ ತೆರೆದಿಟ್ಟರೆ ಬರುವವರಲ್ಲಿ ಬೀಜಗಣಿತದ ವಿದ್ಯಾರ್ಥಿಯ ಹಿಂದೆಯೇ ವಂಚಕನೂ ಇರುತ್ತಾನೆ. ಅವನು ಮಾಡಿದ ಕೆಲಸವೆಲ್ಲ ನಿಮ್ಮ ವಿಳಾಸದಿಂದ ಮಾಡಿದಂತೆ ಕಾಣುತ್ತದೆ. ದೂರು ಮೊದಲು ಹೋಗುವುದು ಹೋಸ್ಟಿಂಗ್ ಸಂಸ್ಥೆಗೆ. ನಾಲ್ಕು ನೂರು ರೂಪಾಯಿಯ ಬಾಡಿಗೆದಾರನಿಗಾಗಿ ಅವರು ಜಗಳ ಕಾಯುವುದುಂಟೆ? ವಿಳಾಸ ಒಮ್ಮೆ ಕಪ್ಪುಪಟ್ಟಿಗೆ ಸೇರಿದರೆ ಅದರಿಂದ ಹೊರಟ ಅಂಚೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಬ್ಯಾಂಕಿನ ತಾಣ ಬಾಗಿಲು ತೆರೆಯುವುದಿಲ್ಲ. ಎಲ್ಲರಿಗೂ ತೆರೆದಿರುವ ಪ್ರಾಕ್ಸಿಗಳ ಮೂಲಕ ಬಂದವರು ತನ್ನ ಪುಟಗಳನ್ನು ತಿದ್ದದಂತೆ ವಿಕಿಪೀಡಿಯಾವೇ ತಡೆಯುತ್ತದೆ. ಕನ್ನಡದ ಪುಟಗಳಿಗೂ ಇದೇ ನಿಯಮ. ನೀವು ಬಾಡಿಗೆಗೆ ಹಿಡಿದ ವಿಳಾಸ ಹಿಂದಿನ ಬಾಡಿಗೆದಾರನ ಪಾಪವನ್ನು ಹೊತ್ತಿರುವುದೂ ಉಂಟು. ಹಣ ಕಟ್ಟಿದ ಮೊದಲ ದಿನವೇ ಅದನ್ನು ಕಪ್ಪುಪಟ್ಟಿಗಳಲ್ಲಿ ಹುಡುಕಿ ನೋಡುವುದು ವಿವೇಕ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 2006ರ ಡಿಸೆಂಬರಿನಲ್ಲಿ ಹೊರಬಂದ ಸೈಫನ್ ಎಂಬ ಪ್ರಾಕ್ಸಿಯ ಮೊದಲ ಕಲ್ಪನೆ ಈ ದೃಷ್ಟಿಯಿಂದ ಬಲು ಸೊಗಸಾದದ್ದು. ತಡೆಯಿಲ್ಲದ ನಾಡಿನಲ್ಲಿರುವವನು ತನ್ನ ಮನೆಯ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಇಟ್ಟು, ತಡೆಯಿರುವ ನಾಡಿನ ತನ್ನ ಪರಿಚಿತರಿಗೆ ಮಾತ್ರ ಕೀಲಿಕೈ ಕೊಡುವುದು. ಮುಖ ನೋಡಿ ಬಾಗಿಲು ತೆರೆಯುವ ಮನೆಗೆ ದೂರುಗಳು ಬರುವುದು ಕಡಮೆ.

ಹಾಗಾದರೆ ದೊಡ್ಡವರ ಆಶ್ರಯ ಪಡೆದರೆ ಯಾರೂ ಮುಟ್ಟಲಾರರು ಎಂಬ ಆಲೋಚನೆ ಸಹಜ. ಅದರ ಪರೀಕ್ಷೆ 2018ರ ಏಪ್ರಿಲ್‌ನಲ್ಲಿ ರಷ್ಯಾದಲ್ಲಿ ನಡೆಯಿತು. ಟೆಲಿಗ್ರಾಂ ಎಂಬ ಸಂದೇಶ ವಾಹಕವನ್ನು ತಡೆಯಬೇಕೆಂದು ಅಲ್ಲಿನ ನ್ಯಾಯಾಲಯ ಆಜ್ಞೆ ಮಾಡಿತು. ಟೆಲಿಗ್ರಾಂ ಅಮೆಜಾನ್ ಮತ್ತು ಗೂಗಲ್ ಸಂಸ್ಥೆಗಳ ಯಂತ್ರಾಗಾರಗಳ ವಿಳಾಸಗಳ ಹಿಂದೆ ಮರೆಯಾಯಿತು. ಅಧಿಕಾರಿಗಳು ಆ ಎರಡು ಸಂಸ್ಥೆಗಳ ಕೋಟಿಗೂ ಮೀರಿದ ವಿಳಾಸಗಳನ್ನು ಒಟ್ಟಾಗಿ ಮುಚ್ಚಿಬಿಟ್ಟರು. ಟೆಲಿಗ್ರಾಂ ನಡೆಯುತ್ತಲೇ ಇತ್ತು. ಸಂಬಂಧವೇ ಇಲ್ಲದ ಅಂಗಡಿಗಳೂ ತಾಣಗಳೂ ನಿಂತವು. ಅದೇ ತಿಂಗಳಲ್ಲಿ ಆ ಎರಡು ಸಂಸ್ಥೆಗಳೂ ತಮ್ಮ ಹೆಸರಿನ ಮರೆಯಲ್ಲಿ ಬೇರೆಯವರು ಸಾಗುವ ಒಂದು ತಂತ್ರಕ್ಕೆ ಬಾಗಿಲು ಹಾಕಿದವು. ದೊಡ್ಡ ಮನೆಯ ಜಗಲಿಯಲ್ಲಿ ಮಳೆಗೆ ನಿಂತವನನ್ನು ಯಜಮಾನ ಸುಮ್ಮನೆ ಬಿಟ್ಟಿದ್ದಾನು. ತನ್ನ ಮನೆಯ ಮೇಲೆಯೇ ಕಲ್ಲು ಬೀಳತೊಡಗಿದರೆ ಬಿಡುತ್ತಾನೆಯೆ?

ಮನೆಯೇ ಸುಟ್ಟುಹೋಗುವುದೂ ಉಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಐದು ಅಂತಸ್ತಿನ ಯಂತ್ರಾಗಾರವೊಂದು ನಡುರಾತ್ರಿ ಬೆಂಕಿಗೆ ಆಹುತಿಯಾಯಿತು. ನಿಂತುಹೋದ ತಾಣಗಳನ್ನು ನೆಟ್‌ಕ್ರಾಫ್ಟ್ ಸಂಸ್ಥೆ ಮೂವತ್ತಾರು ಲಕ್ಷವೆಂದು ಎಣಿಸಿತು. ಸುರಕ್ಷಿತವೆಂದು ತೆಗೆದಿಟ್ಟ ಪ್ರತಿಯೂ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಪ್ರಾಕ್ಸಿಯ ಮಟ್ಟಿಗೆ ಇದು ಅಷ್ಟು ಭಯಂಕರವಲ್ಲ. ದೂತನ ಮನೆಯಲ್ಲಿ ಆಸ್ತಿಯಿರುವುದಿಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದೆಡೆ ಗುಡಿಸಲು ಹಾಕಿಕೊಳ್ಳಬಹುದು. ಹಾಗೆ ಹಾಕಿಕೊಳ್ಳುವ ಅಭ್ಯಾಸ ಮೊದಲೇ ಇರಬೇಕು ಅಷ್ಟೆ. ಪ್ರಾಕ್ಸಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳ ಇದೆ ಎಂದು ಯಾರಿಗಾದರೂ ಅನ್ನಿಸಿದರೆ ಅಲ್ಲಿಯೇ ಏನೋ ತಪ್ಪಿದೆ. ಇದನ್ನು ಹೆಲ್ಸಿಂಕಿ ನಗರದ ಒಬ್ಬ ಸಜ್ಜನರ ಅನುಭವ ತೋರಿಸುತ್ತದೆ.

ಯೋಹಾನ್ ಹೆಲ್ಸಿಂಗಿಯುಸ್ ಎಂಬವರು 1993ರಲ್ಲಿ ಫಿನ್ಲೆಂಡಿನ ಆ ನಗರದಲ್ಲಿ ಒಂದು ಸಾಮಾನ್ಯ ಕಂಪ್ಯೂಟರನ್ನು ಇಟ್ಟುಕೊಂಡು ಒಂದು ಸೇವೆ ಆರಂಭಿಸಿದರು. ಅದು ಪುಟಗಳನ್ನು ತರುವ ಪ್ರಾಕ್ಸಿಯಲ್ಲ, ಕಾಗದಗಳನ್ನು ದಾಟಿಸುವ ಪ್ರಾಕ್ಸಿ. ನೀವು ಅಲ್ಲಿಗೆ ಮಿಂಚಂಚೆ ಬರೆದರೆ ಯಂತ್ರ ನಿಮ್ಮ ಹೆಸರು ವಿಳಾಸಗಳನ್ನು ತೆಗೆದು, ಒಂದು ಅಂಕಿಯನ್ನು ಹಚ್ಚಿ, ಹೇಳಿದ ಕಡೆಗೆ ಕಳಿಸುತ್ತಿತ್ತು. ಆ ಅಂಕಿಗೆ ಬಂದ ಉತ್ತರವನ್ನು ನಿಮಗೆ ತಲಪಿಸುತ್ತಿತ್ತು. ಮನೆಯಲ್ಲಿ ಹೊಡೆತ ತಿಂದವರು, ಕುಡಿತದಿಂದ ಬಿಡಿಸಿಕೊಳ್ಳಲು ಒದ್ದಾಡುವವರು, ತಮ್ಮ ಸಂಸ್ಥೆಯ ಅನ್ಯಾಯವನ್ನು ಹೊರಗೆ ಹೇಳಬೇಕೆಂದಿರುವವರು, ಇಂಥವರಿಗೆ ಹೆಸರಿಲ್ಲದೆ ಮಾತಾಡುವ ಜಾಗ ಬೇಕು. ಮೂರು ವರ್ಷಗಳಲ್ಲಿ ಬಳಸುವವರ ಸಂಖ್ಯೆ ಐದು ಲಕ್ಷವನ್ನು ಮೀರಿತು. ಯಂತ್ರ ಗಟ್ಟಿಯಾಗಿತ್ತು, ಮನುಷ್ಯ ಪ್ರಾಮಾಣಿಕ, ನಾಡು ಕಾನೂನಿಗೆ ಗೌರವ ಕೊಡುವ ನಾಡು. ಇದಕ್ಕಿಂತ ಒಳ್ಳೆಯ ಮನೆ ದೂತನಿಗೆ ಸಿಗಲಾರದೆಂದು ಯಾರೂ ಹೇಳಿಯಾರು.

ಆದರೆ ಉತ್ತರವನ್ನು ತಿರುಗಿ ತಲಪಿಸಬೇಕಾದರೆ ಯಾವ ಅಂಕಿ ಯಾರದು ಎಂಬ ಪಟ್ಟಿ ಒಂದು ಕಡೆ ಇರಲೇಬೇಕಷ್ಟೆ. ಆ ಪಟ್ಟಿ ಅವರ ಯಂತ್ರದಲ್ಲಿತ್ತು. 1995ರ ಫೆಬ್ರವರಿಯಲ್ಲಿ, ತನ್ನ ಒಳಗಿನ ಕಡತವೊಂದನ್ನು ಕದ್ದು ಈ ಸೇವೆಯ ಮೂಲಕ ಪ್ರಕಟಿಸಿದ್ದಾರೆಂದು ಸೈಂಟಾಲಜಿ ಎಂಬ ಧಾರ್ಮಿಕ ಸಂಸ್ಥೆ ದೂರಿತು. ದೂರು ಇಂಟರ್‌ಪೋಲ್ ಮೂಲಕ ಫಿನ್ಲೆಂಡಿನ ಪೊಲೀಸರಿಗೆ ಬಂದು, ಅವರು ಶೋಧನೆಯ ಆಜ್ಞೆ ಹಿಡಿದು ಬಂದರು. ಇಡೀ ಪಟ್ಟಿಯೇ ಹೋಗುವ ಸಂಭವವಿತ್ತು. ಹೆಲ್ಸಿಂಗಿಯುಸ್ ವಾದ ಮಾಡಿ, ಪಟ್ಟಿಯನ್ನು ಉಳಿಸಿಕೊಳ್ಳಲು ಒಂದೇ ಒಂದು ಹೆಸರನ್ನು ಕೊಟ್ಟರು. ಲಕ್ಷಾಂತರ ಜನರನ್ನು ಕಾಯಲು ಒಬ್ಬನನ್ನು ಒಪ್ಪಿಸುವ ಗತಿ ಒಳ್ಳೆಯವನಿಗೂ ಬಂತು ಎಂಬುದನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಮರುವರ್ಷ ಮತ್ತೆ ಅದೇ ಬೇಡಿಕೆ. 1996ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ನ್ಯಾಯಾಲಯ ಹೆಸರು ಹೇಳಲೇಬೇಕೆಂದು ತೀರ್ಪಿತ್ತಿತು. ಅದೇ ವಾರದಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಸೇವೆ ಅಸಹ್ಯ ಚಿತ್ರಗಳ ಸಾಗಣೆಗೆ ದಾರಿಯಾಗಿದೆ ಎಂದು ಬರೆಯಿತು. ಫಿನ್ಲೆಂಡಿನ ಪೊಲೀಸರೇ ಅದನ್ನು ಅಲ್ಲಗಳೆದರು. ಆಗಸ್ಟ್ 30ರಂದು ಹೆಲ್ಸಿಂಗಿಯುಸ್ ತಮ್ಮ ಸೇವೆಯನ್ನು ಮುಚ್ಚುವುದಾಗಿ ಘೋಷಿಸಿದರು.

ಈ ಮನುಷ್ಯನಲ್ಲಿ ನಂಬಿಕೆದ್ರೋಹ ಇರಲಿಲ್ಲ. ಇದ್ದದ್ದು ಒಂದು ಪಟ್ಟಿ. ನಮ್ಮೂರಿನ ಮೇಷ್ಟರ ತಲೆಯಲ್ಲಿದ್ದದ್ದನ್ನು ಯಾವ ಅಮಲ್ದಾರನೂ ಜಪ್ತಿ ಮಾಡುವಂತಿರಲಿಲ್ಲ, ಯಂತ್ರದಲ್ಲಿರುವುದನ್ನು ಮಾಡಬಹುದು. ಎಂದ ಮೇಲೆ, ದೂತ ಎಷ್ಟು ಒಳ್ಳೆಯವನು ಎಂಬುದಕ್ಕಿಂತ ದೂತನಿಗೆ ಏನು ಗೊತ್ತು ಎಂಬುದು ಮೊದಲ ಪ್ರಶ್ನೆಯಾಗುತ್ತದೆ.

ಇದು ಹೊಸ ಕಾಲದ ಶೋಧನೆಯೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಯೋಲೆಯ ಗ್ರಂಥವಾಗಿ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರ ವಿಚಾರಕ್ಕೇ ಒಂದು ಅಧ್ಯಾಯವಿದೆ. ಅಲ್ಲಿ ದೂತರು ಮೂರು ಬಗೆ. ಎಲ್ಲ ಅಧಿಕಾರವನ್ನೂ ಒಪ್ಪಿಸಿಕೊಂಡು ತಾನೇ ಮಾತಾಡಿ ತೀರ್ಮಾನಿಸಬಲ್ಲವನು ನಿಸೃಷ್ಟಾರ್ಥ. ಗೆರೆ ಎಳೆದುಕೊಟ್ಟಷ್ಟೇ ಮಾತಾಡುವವನು ಪರಿಮಿತಾರ್ಥ. ಬರೆದುಕೊಟ್ಟ ಓಲೆಯನ್ನು ಒಯ್ದು ಒಪ್ಪಿಸುವವನು ಶಾಸನಹರ. ಮೊದಲನೆಯವನಿಗೆ ಅಮಾತ್ಯನಿಗೆ ಇರಬೇಕಾದ ಗುಣಗಳೆಲ್ಲ ಇರಬೇಕು. ಎರಡನೆಯವನಲ್ಲಿ ಕಾಲುಭಾಗ ಕಡಮೆಯಾದರೂ ನಡೆದೀತು. ಮೂರನೆಯವನಲ್ಲಿ ಅರ್ಧದಷ್ಟಿದ್ದರೂ ಸಾಕು. ಕೌಟಿಲ್ಯನ ಈ ಕಾಲು ಅರ್ಧಗಳ ಲೆಕ್ಕವನ್ನು ನಾನು ಬಿ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಹೋಸ್ಟಿಂಗ್ ಆಯ್ಕೆಗೆ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ.

ಪುಟಗಳನ್ನು ತಂದು ತಿದ್ದಿ ಕೊಡುವ ಪ್ರಾಕ್ಸಿ ತಾಣ ನಿಸೃಷ್ಟಾರ್ಥನ ಜಾತಿಗೆ ಸೇರಿದ್ದು. ವಿಳಾಸದ ಪಟ್ಟಿಯಲ್ಲಿ ಬೀಗದ ಚಿಹ್ನೆ ಕಂಡರೆ ಎಲ್ಲ ಭದ್ರವೆಂದು ನಾವು ತಿಳಿಯುತ್ತೇವೆ. ಇಲ್ಲಿ ಆ ಬೀಗ ಇರುವುದು ನಿಮಗೂ ಪ್ರಾಕ್ಸಿಗೂ ನಡುವೆ. ಇನ್ನೊಂದು ಬೀಗ ಪ್ರಾಕ್ಸಿಗೂ ಆಚೆಯ ತಾಣಕ್ಕೂ ನಡುವೆ. ಮಧ್ಯದ ಆ ಯಂತ್ರದಲ್ಲಿ ಲಕೋಟೆ ಬಿಚ್ಚಲೇಬೇಕು, ಇಲ್ಲದಿದ್ದರೆ ಕೊಂಡಿಗಳನ್ನು ತಿದ್ದಿ ಬರೆಯುವುದು ಹೇಗೆ? ನೀವು ಅದರ ಮೂಲಕ ಗುಪ್ತಪದ ಕೊಟ್ಟು ನಿಮ್ಮ ಅಂಚೆಯನ್ನು ತೆರೆದರೆ ಗುಪ್ತಪದವೂ ಬಿಚ್ಚಿದ ಲಕೋಟೆಯಲ್ಲಿಯೇ ಇರುತ್ತದೆ. ಇಂಥ ದೂತನಿಗೂ ಅವನನ್ನು ಇರಿಸಿಕೊಂಡ ಮನೆಗೂ ಅಮಾತ್ಯಗುಣಗಳು ಪೂರ್ಣವಾಗಿ ಬೇಕು. ಪುಕ್ಕಟೆ ಪ್ರಾಕ್ಸಿ ತಾಣಗಳಲ್ಲಿ ಬ್ಯಾಂಕಿನ ಲೆಕ್ಕ ನೋಡುವವರನ್ನು ಕಂಡರೆ ನನಗೆ ಈಗ ಮೈ ಜುಮ್ಮೆನ್ನುತ್ತದೆ.

ಶಾಸನಹರನ ಬಗೆಯವೂ ಇವೆ. 2021ರ ಜನವರಿಯಲ್ಲಿ ಇರಾನ್ ದೇಶ ಸಿಗ್ನಲ್ ಎಂಬ ಸಂದೇಶ ವಾಹಕವನ್ನು ತಡೆಯಿತು. ಫೆಬ್ರವರಿಯಲ್ಲಿ ಸಿಗ್ನಲ್‌ನವರು ಒಂದು ಸರಳವಾದ ಪ್ರಾಕ್ಸಿಯನ್ನು ಸಿದ್ಧಪಡಿಸಿ, ಬೇರೆ ಬೇರೆ ದೇಶಗಳಲ್ಲಿರುವ ಸ್ವಯಂಸೇವಕರು ತಮ್ಮ ಸಣ್ಣ ಬಾಡಿಗೆ ಯಂತ್ರಗಳಲ್ಲಿ ಇರಿಸಿಕೊಳ್ಳುವಂತೆ ಕೇಳಿಕೊಂಡರು. ಈ ಪ್ರಾಕ್ಸಿ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಮುದ್ರೆ ಒತ್ತಿದ್ದು ಕಳಿಸುವವರ ಫೋನಿನಲ್ಲಿ, ಒಡೆಯುವುದು ಮುಟ್ಟಿದವರ ಫೋನಿನಲ್ಲಿ. ನಡುವಿನವನು ಈ ಕಡೆಯಿಂದ ತೆಗೆದುಕೊಂಡು ಆ ಕಡೆಗೆ ಕೊಡುತ್ತಾನೆ. ಎಲ್ಲಿಂದ ಬಂತು ಎಂಬ ವಿಳಾಸ ಮಾತ್ರ ಅವನ ಕಣ್ಣಿಗೆ ಬೀಳುತ್ತದೆ. ಅದು ಸಣ್ಣ ಸಂಗತಿಯೇನೂ ಅಲ್ಲ, ಆದರೆ ಕಾಗದದೊಳಗಿನ ಮಾತು ಅವನನ್ನು ಒದ್ದು ಕೇಳಿದರೂ ಹೇಳಲು ಬಾರದು. ಲಾಗ್ ಬರೆಯುವುದನ್ನು ನಿಲ್ಲಿಸಿದರೆ ವಿಳಾಸವೂ ಕಡತದಲ್ಲಿ ಉಳಿಯುವುದಿಲ್ಲ. ಇಂಥ ದೂತನನ್ನು ಇರಿಸುವ ಮನೆ ಅರ್ಧ ಗುಣದ್ದಾದರೂ ಅಪಾಯ ಅರ್ಧಕ್ಕೂ ಕಡಮೆ.

ಮನೆ ಯಾವ ನಾಡಿನಲ್ಲಿದೆ ಎಂಬುದು ಉಳಿಯಿತು. ಯಂತ್ರ ನಿಂತ ನೆಲದ ಕಾನೂನು ಯಂತ್ರಕ್ಕೆ ಅನ್ವಯಿಸುತ್ತದೆ. ನಮ್ಮಲ್ಲಿ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಯಂತ್ರಾಗಾರಗಳು, ವಿಪಿಎಸ್ ಬಾಡಿಗೆಗೆ ಕೊಡುವವರು, ವಿಪಿಎನ್ ಸೇವೆಯವರು ತಮ್ಮ ಗಿರಾಕಿಯ ಹೆಸರು, ವಿಳಾಸ, ಕೊಟ್ಟ ಐಪಿ ವಿಳಾಸ, ಯಾವ ಉದ್ದೇಶಕ್ಕೆ ಪಡೆದರು ಎಂಬುದನ್ನೆಲ್ಲ, ಅವನು ಬಿಟ್ಟುಹೋದ ಮೇಲೆಯೂ ಐದು ವರ್ಷ ಇಟ್ಟುಕೊಂಡಿರಬೇಕು. ಲಾಗ್‌ಗಳು 180 ದಿನಗಳದ್ದು ಇರಬೇಕು. ಬಳಸುವವರ ದಾಖಲೆ ಇಡುವುದಿಲ್ಲವೆಂದು ಮಾತು ಕೊಟ್ಟಿದ್ದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಸಂಸ್ಥೆಗಳು ಅದೇ ವರ್ಷ ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದುಬಿಟ್ಟವು. ಅಪರಾಧಿಯನ್ನು ಹಿಡಿಯಬೇಕಾದ ಪೊಲೀಸರಿಗೆ ಸುಳಿವು ಬೇಕೆಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನೆಯವರ ಹಣವನ್ನು ಫೋನಿನಲ್ಲಿ ಕಳೆದುಕೊಂಡ ವೃದ್ಧರನ್ನು ಕಂಡವರು ಯಾರೂ ತಳ್ಳಿಹಾಕಲಾರರು. ಆದರೆ ಖಾಸಗಿತನವೂ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ 2017ರ ಆಗಸ್ಟ್ 24ರಂದು ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಹಕ್ಕಿಗೆ ಮಿತಿಯಿಲ್ಲವೆಂದು ತೀರ್ಪು ಹೇಳಿಲ್ಲ. ಮಿತಿ ಹಾಕುವವರು ಕಾನೂನಿನ ಮೂಲಕ, ತಕ್ಕ ಉದ್ದೇಶಕ್ಕಾಗಿ, ಬೇಕಾದಷ್ಟೇ ಹಾಕಬೇಕೆಂದಿದೆ. ಬೆಂಗಳೂರಿನ ಯಂತ್ರಾಗಾರದಲ್ಲಿ ಪ್ರಾಕ್ಸಿ ಇಡುವವರು ಈ ಎರಡನ್ನೂ ತಿಳಿದೇ ಇಡಬೇಕು. ಹೊರದೇಶದಲ್ಲಿ ಇಟ್ಟರೆ ಕಾನೂನು ಇಲ್ಲವೆಂದಲ್ಲ, ಬೇರೆ ಕಾನೂನು. ಫಿನ್ಲೆಂಡನ್ನು ಆಗಲೇ ನೋಡಿದೆವು.

ಈ ಎಲ್ಲ ಓದಾದ ಮೇಲೆ ನಾನು ಮತ್ತೊಮ್ಮೆ ಮನೆ ಹುಡುಕಿದೆ. ಈ ಸಲ ಇಡಬೇಕೆಂದಿದ್ದದ್ದು ಲಕೋಟೆ ಬಿಚ್ಚದ ಪ್ರಾಕ್ಸಿ, ಹತ್ತು ಮಂದಿ ಪರಿಚಿತರಿಗೆ ಮಾತ್ರ. ವರ್ಷದ ಬಾಡಿಗೆಯನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಬೀಳದೆ, ತಿಂಗಳು ತಿಂಗಳು ಕಟ್ಟುವ ಕಡೆಗಳನ್ನೇ ಆರಿಸಿ, ಐದು ಸಂಸ್ಥೆಗಳಿಗೆ ಒಂದೇ ಪತ್ರ ಬರೆದೆ. ನಿಮ್ಮಲ್ಲಿ ಪ್ರಾಕ್ಸಿಗೆ ಅನುಮತಿ ಉಂಟೆ? ದೂರು ಬಂದರೆ ಮುಚ್ಚುವ ಮುನ್ನ ನನಗೆ ಎಷ್ಟು ಹೊತ್ತು ಕೊಡುತ್ತೀರಿ? ಖಾತೆ ಮುಚ್ಚಿದ ಮೇಲೆ ನನ್ನ ತಟ್ಟೆಯಲ್ಲಿರುವುದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಯಾರ ಆಜ್ಞೆ ಬಂದರೆ ತೆರೆದು ತೋರಿಸುತ್ತೀರಿ? ಇಬ್ಬರು ಉತ್ತರಿಸಲಿಲ್ಲ. ಇಬ್ಬರು ನಿಯಮಾವಳಿಯ ಕೊಂಡಿ ಕಳಿಸಿ ವಂದನೆ ಹೇಳಿದರು. ಒಬ್ಬರು ಮಾತ್ರ ನಾಲ್ಕಕ್ಕೂ ನಾಲ್ಕು ಸಾಲು ಬರೆದಿದ್ದರು. ಎಲ್ಲರಿಗೂ ತೆರೆದಿಡದಿದ್ದರೆ ಆಕ್ಷೇಪವಿಲ್ಲ. ದೂರಿಗೆ ಇಪ್ಪತ್ತನಾಲ್ಕು ಗಂಟೆ. ಮುಚ್ಚಿದ ಹದಿನಾಲ್ಕನೆಯ ದಿನ ತಟ್ಟೆ ಅಳಿಸುತ್ತೇವೆ. ನ್ಯಾಯಾಲಯದ ಆಜ್ಞೆ ಬಂದರೆ ತೋರಿಸುತ್ತೇವೆ, ನಿಮಗೆ ತಿಳಿಸಲು ಅನುಮತಿಯಿಲ್ಲದಿದ್ದರೆ ತಿಳಿಸುವುದಿಲ್ಲ.

ಆ ಕೊನೆಯ ಸಾಲನ್ನು ಎರಡು ಸಲ ಓದಿ, ಅವರಿಗೇ ಬಾಡಿಗೆ ಕಟ್ಟಿದೆ.